“ನನಗೂ ಲೆಕ್ಕ ಬರತಿದ್ದಿಲ್ಲ ಬಿಡು”

ಅಕ್ಕಾರ, ಮಗಳು ಗಣಿತದಾಗ ನಪಾಸಾದ್ರ “ನನಗೂ ಲೆಕ್ಕ ಬರತಿದ್ದಿಲ್ಲ ಬಿಡು” ಅಂತ ಸಮಾಧಾನ ಮಾಡಬ್ಯಾಡ್ರಿ. ನಾನೂ ಹಂಗ ಅಂದಾಕಿನ. ನಮ್ಮಾಕಿ ಪುಸ್ತಕ ಮುಚ್ಚಿಟ್ಟು, “ಹಂಗಾರ ಸಾಲಿ ಬಿಡ್ಲೇನವ್ವಾ?” ಅಂದ್ಲು. ಎದಿ ಧಸಕ್ಕಂತು.

ಹತ್ತನೇತ್ತಾದಾಗ ‘ಆದೇಶ ವಿಧಾನ’ ಅಂತ ಬರತೈತಿ. ಹೆಸರು ಕೇಳಿದ್ರ ಸರಕಾರದ ನೋಟೀಸ ಇದ್ದಂಗ, ಒಳಗ ಬರೇ ಸಂತಿ ಲೆಕ್ಕ. ಪಂಚಮಿ ಉಂಡಿಗಂತ ಚಿಕ್ಕೋಡಿಯಿಂದ ಎರಡ ಕಿಲೋ ಬೆಲ್ಲ, ಒಂದ ಕಿಲೋ ಶೇಂಗಾ ತಂದಿದ್ನಿ. ಕೂಡಿ 220 ರೂಪಾಯಿ. ಬ್ಯಾರೆ ಬ್ಯಾರೆ ಎಷ್ಟಂತ ಮರತಿದ್ನಿ. ಶೇಂಗಾ ಕಿಲೋಕ್ಕ ಬೆಲ್ಲಕ್ಕಿಂತ 70 ತುಟ್ಟಿ ಅನ್ನೂದಷ್ಟ ನೆಪ್ಪಿತ್ತು. ಶೇಂಗಾ ತಗದು ಅದರ ಜಾಗಾದಾಗ ‘ಒಂದ ಕಿಲೋ ಬೆಲ್ಲ, ಮ್ಯಾಲ 70’ ಇಡ್ರಿ. 220ರಾಗ 70 ಹೋದ್ರ ಮೂರ ಕಿಲೋ ಬೆಲ್ಲಕ್ಕ 150. ಬೆಲ್ಲ 50, ಶೇಂಗಾ 120. ಇಷ್ಟ!

ಅಮೋಘವರ್ಷನ ಕಾಲಕ್ಕ, 9ನೇ ಶತಮಾನದಾಗ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಾಗ ಇಂಥಾದ್ದ ಕೇಳ್ಯಾರ: 9 ಮಾದಲಹಣ್ಣು, 7 ಬೆಳವಲಹಣ್ಣು ಕೂಡಿ 107, 7 ಮಾದಲ, 9 ಬೆಳವಲ ಕೂಡಿ 101. ಒಂದೊಂದಕ್ಕ ಎಷ್ಟು? ಮಕ್ಕಳ ಬಾಜೂಕ ಕುಂತು ನೀವೂ ಬಿಡಸ್ರಿ. ಮಾದಲಕ್ಕ 8, ಬೆಳವಲಕ್ಕ 5 ಬರಬೇಕು. ನನಗ ಎರಡ ದಿನಾ ಹಿಡೀತು. ನಮ್ಮಾಕಿಗೆ ಒಲಿ ಮ್ಯಾಲಿನ ಚಾ ಕುದಿಯೂದ್ರಾಗ ಬಂತು.