ರಕ್ತ ಕುಡಿಯುವ ‘ಸಸ್ಯಾಹಾರಿ’ಗಳು

ಶಬ್ದ ಕೆಟ್ಟ ಮೇಲೆ ಆಚಾರ ಕೆಡುವುದಕ್ಕೆ ಬಹಳ ಕಾಲ ಬೇಕಾಗುವುದಿಲ್ಲ. ಸಾಲದ ಹಣವನ್ನು ಲಾಭದ ಖಾತೆಗೆ ಬರೆದುಕೊಂಡ ವ್ಯಾಪಾರಿಯು ಕೆಲವು ಕಾಲ ತನ್ನನ್ನು ಶ್ರೀಮಂತನೆಂದು ಭ್ರಮಿಸಬಹುದು. ಆದರೆ ಸಾಲ ಕೊಟ್ಟವನು ಬಾಗಿಲಿಗೆ ಬರುವುದು ತಪ್ಪುವುದಿಲ್ಲ. ಹಿಂಸೆಯನ್ನು ಅಹಿಂಸೆಯ ಖಾತೆಗೆ ಬರೆದುಕೊಳ್ಳುವ ಸಮಾಜದ ಗತಿಯೂ ಇದೇ. ಹದಿಹರೆಯದ ಮಕ್ಕಳೂ ಅವರ ತಾಯಂದಿರೂ ಓದಿ ಮೆಚ್ಚಿರುವ ಒಂದು ಇಂಗ್ಲಿಷ್ ಕಾದಂಬರಿಮಾಲೆಯಲ್ಲಿ ಇಂತಹ ತಪ್ಪು ಜಮೆಯೊಂದು ನಡೆದಿದೆ. ಆ ಮಾಲೆಯ ಬಗ್ಗೆ ಹಿರಿಯರು ಬೇಕಾದಷ್ಟು ವಾದ ಮಾಡಿದ್ದಾರೆ. ಮಾಡಲೇಬೇಕಾಗಿದ್ದ ಒಂದು ವಾದವನ್ನು ಮಾತ್ರ ಯಾರೂ ಎತ್ತಿಕೊಂಡಂತೆ ಕಾಣುವುದಿಲ್ಲ.

ಅಮೆರಿಕದ ಸ್ಟೆಫನಿ ಮೇಯರ್ ಎಂಬ ಲೇಖಕಿಯ ‘ಟ್ವೈಲೈಟ್’ ಪ್ರಕಟವಾದುದು 2005ರಲ್ಲಿ. ‘ನ್ಯೂ ಮೂನ್’ 2006ರಲ್ಲಿ, ‘ಎಕ್ಲಿಪ್ಸ್’ 2007ರಲ್ಲಿ, ‘ಬ್ರೇಕಿಂಗ್ ಡಾನ್’ 2008ರಲ್ಲಿ ಬಂದವು. 2008ರಿಂದ 2012ರವರೆಗೆ ಐದು ಚಲನಚಿತ್ರಗಳಾದವು. ಕೋಟಿಗಟ್ಟಲೆ ಪ್ರತಿಗಳು ಮಾರಾಟವಾದವು. 2020ರಲ್ಲಿ ಅದೇ ಕಥೆಯನ್ನು ನಾಯಕನ ಬಾಯಿಂದ ಹೇಳಿಸಿದ ‘ಮಿಡ್‌ನೈಟ್ ಸನ್’ ಬಂದಿತು. ಬೆಲ್ಲಾ ಎಂಬ ಹದಿನೇಳರ ಹುಡುಗಿ ಮಳೆನಾಡಿನ ಸಣ್ಣ ಊರೊಂದಕ್ಕೆ ಬಂದು ಎಡ್ವರ್ಡ್ ಎಂಬ ಸಹಪಾಠಿಯಲ್ಲಿ ಅನುರಕ್ತಳಾಗುತ್ತಾಳೆ. ಅವನು ಮನುಷ್ಯನಲ್ಲ. 1918ರ ಸಾಂಕ್ರಾಮಿಕ ಜ್ವರದಲ್ಲಿ ಸಾಯುತ್ತಿದ್ದವನನ್ನು ಒಬ್ಬ ವೈದ್ಯನು ಕಚ್ಚಿ ರಕ್ತಪಿಶಾಚಿಯನ್ನಾಗಿ ಮಾಡಿದ್ದಾನೆ. ಅಂದಿನಿಂದ ಅವನಿಗೆ ಹದಿನೇಳೇ ವರ್ಷ. ಅವಳ ರಕ್ತಕ್ಕಾಗಿ ಹಸಿದಿದ್ದರೂ ಅವಳನ್ನು ಕೊಲ್ಲದೆ ಪ್ರೀತಿಸುತ್ತಾನೆ ಎಂಬುದೇ ನಾಲ್ಕು ಸಂಪುಟಗಳ ಹೂರಣ.

ಈ ಕಥೆಗೆ ಹಿರಿಯರಿಂದ ಬಂದ ಪ್ರತಿಕ್ರಿಯೆ ಅದರ ಹುಟ್ಟೂರಿನಲ್ಲಿಯೂ ಒಂದೇ ಬಗೆಯದಾಗಿರಲಿಲ್ಲ. ಗ್ರಂಥಾಲಯಗಳಿಂದ ತೆಗೆದುಹಾಕಬೇಕೆಂಬ ಆಕ್ಷೇಪಣೆಗಳು ಹೆಚ್ಚಾಗಿ ಬಂದ ಪುಸ್ತಕಗಳ ಪಟ್ಟಿಯನ್ನು ಅಮೆರಿಕದ ಗ್ರಂಥಾಲಯ ಸಂಘವು ಪ್ರತಿವರ್ಷ ಪ್ರಕಟಿಸುತ್ತದೆ. ಅದರಲ್ಲಿ ಈ ಮಾಲೆಗೆ 2009ರಲ್ಲಿ ಐದನೆಯ ಸ್ಥಾನ, 2010ರಲ್ಲಿ ಹತ್ತನೆಯ ಸ್ಥಾನ. ಭಯಾನಕ ಕಥೆಗಳ ಪ್ರಸಿದ್ಧ ಲೇಖಕ ಸ್ಟೀಫನ್ ಕಿಂಗ್ 2009ರಲ್ಲಿ ಮೇಯರ್ ಅವರ ಬರವಣಿಗೆಯ ಗುಣಮಟ್ಟವನ್ನೇ ಬಹಿರಂಗವಾಗಿ ಅಲ್ಲಗಳೆದರು. ನಾಯಕನು ರಾತ್ರಿ ಹುಡುಗಿಯ ಕೋಣೆಗೆ ನುಗ್ಗಿ ಅವಳು ನಿದ್ರಿಸುವುದನ್ನು ನೋಡುತ್ತ ಕೂರುವುದನ್ನು ಪ್ರೇಮವೆಂದು ಕರೆಯಬಹುದೇ ಎಂದು ಹಲವು ವಿಮರ್ಶಕಿಯರು ಕೇಳಿದರು. ಇನ್ನೊಂದು ಕಡೆ, ಮದುವೆಯವರೆಗೂ ದೇಹಸಂಬಂಧವಿಲ್ಲದ ಪ್ರೇಮಕಥೆಯೆಂದು ಎಷ್ಟೋ ತಾಯಿ ತಂದೆಯರು ಮೆಚ್ಚಿದರು. ನಡುವಯಸ್ಸಿನ ಗೃಹಿಣಿಯರು ಮಕ್ಕಳಿಗಿಂತ ಹೆಚ್ಚಿನ ಆಸಕ್ತಿಯಿಂದ ಓದಿದರು.

ಚಾರ್ಮಾಡಿ ಘಾಟಿಯ ಬುಡದ ಮುಂಡಾಜೆಯಿಂದ ಮೂಡುಬಿದಿರೆಯವರೆಗಿನ ಜೈನ ಮನೆಗಳಲ್ಲಿಯೂ ಇಂಗ್ಲಿಷ್ ಮಾಧ್ಯಮದ ಮಕ್ಕಳ ಪುಸ್ತಕದ ಕಪಾಟು ಇಂತಹ ಕಥೆಗಳಿಗೆ ಅಪರಿಚಿತವಲ್ಲ. 2010ರ ಸುಮಾರಿಗೆ ಓದಿದ ಹುಡುಗಿಯರು ಇಂದು ಮೂವತ್ತು ದಾಟಿದ ಶ್ರಾವಿಕೆಯರು. ಇಲ್ಲಿಯೂ ಹಿರಿಯರಲ್ಲಿ ಮೂರು ಪಕ್ಷಗಳಿವೆ: ಪುಸ್ತಕವನ್ನು ಮನೆಯೊಳಗೆ ತರಬಾರದೆನ್ನುವವರು, ಏನೂ ಕೆಡುಕಿಲ್ಲವೆನ್ನುವವರು, ಮತ್ತು ಬಾಯಿ ಬಿಟ್ಟು ಏನನ್ನೂ ಹೇಳದೆ ತಾವೇ ಓದುವವರು.

ಮೊದಲನೆಯ ಪಕ್ಷಕ್ಕೆ ಶಾಸ್ತ್ರದ ಆಧಾರವಿದೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ದುಃಶ್ರುತಿಯನ್ನೂ ಎಣಿಸಿದ್ದಾರೆ. ರಾಗದ್ವೇಷಗಳನ್ನು ಕೆರಳಿಸಿ ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದೇ ದುಃಶ್ರುತಿ. ಕೇಳುವುದಕ್ಕೆ ಹೇಳಿದ ಮಾತು ಓದುವುದಕ್ಕೂ ಸಲ್ಲುತ್ತದೆ. ಆದರೆ ಈ ಅಸ್ತ್ರವನ್ನು ಎತ್ತುವವರು ಅದು ಎಲ್ಲಿಗೆ ಹೋಗಿ ಬೀಳುತ್ತದೆ ಎಂಬುದನ್ನೂ ನೋಡಬೇಕು. ಜನ್ನ ಕವಿಯ ‘ಯಶೋಧರ ಚರಿತೆ’ಯಲ್ಲಿ ಪಟ್ಟದ ರಾಣಿ ಅಮೃತಮತಿಯು ಇರುಳಲ್ಲಿ ಕೇಳಿದ ಹಾಡಿಗೆ ಮನಸೋತು, ವಿಕಾರರೂಪಿಯಾದ ಮಾವಟಿಗನನ್ನು ಸೇರುತ್ತಾಳೆ; ಕಡೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಕಥೆಯಲ್ಲಿ ಕಾಮವೂ ರಕ್ತವೂ ಇರುವುದೇ ದೋಷವಾದರೆ 1209ರ ಈ ಕೃತಿಯನ್ನೂ ಕಟ್ಟಿಡಬೇಕಾದೀತು.

ಈ ಪ್ರಶ್ನೆ ಮೂಡುಬಿದಿರೆಗೆ ಹೊಸತಲ್ಲ. ಅಲ್ಲಿಯ ರತ್ನಾಕರವರ್ಣಿಯು ಹದಿನಾರನೆಯ ಶತಮಾನದಲ್ಲಿ ‘ಭರತೇಶ ವೈಭವ’ವನ್ನು ರಚಿಸಿ, ಭೋಗದ ನಡುವೆಯೇ ಯೋಗಿಯಾದ ಚಕ್ರವರ್ತಿಯನ್ನು ಚಿತ್ರಿಸಿದನು. ಅದರ ಕೆಲವು ಪದ್ಯಗಳು ಶಾಸ್ತ್ರಸಮ್ಮತವಲ್ಲವೆಂದು ಆನೆಯ ಮೇಲಿನ ಮೆರವಣಿಗೆಯ ಗೌರವವನ್ನು ನಿರಾಕರಿಸಿದರೆಂದೂ, ಕವಿಯು ನೊಂದು ಕೆಲಕಾಲ ಮತಾಂತರ ಹೊಂದಿದನೆಂದೂ ದೇವಚಂದ್ರನ ‘ರಾಜಾವಳೀ ಕಥೆ’ಯ ಐತಿಹ್ಯ ಹೇಳುತ್ತದೆ. ಐತಿಹ್ಯವನ್ನು ಇತಿಹಾಸವೆಂದು ಒಪ್ಪಬೇಕಾಗಿಲ್ಲ. ಆದರೂ ಅದರಲ್ಲಿ ಒಂದು ಎಚ್ಚರಿಕೆ ಇದೆ. ಪುಸ್ತಕವನ್ನು ತಡೆದವರ ಹೆಸರು ಇಂದು ಯಾರ ಬಾಯಲ್ಲಿಯೂ ಇಲ್ಲ, ಪುಸ್ತಕ ಉಳಿದಿದೆ. ಇಂದಿನ ಹುಡುಗಿಯ ಕೈಯಿಂದ ಕಾದಂಬರಿಯನ್ನು ಕಿತ್ತುಕೊಂಡರೆ ಅವಳು ಅದನ್ನು ಮೊಬೈಲಿನಲ್ಲಿ ಓದುತ್ತಾಳೆ. ಹಿರಿಯರೊಡನೆ ಅದರ ಮಾತೆತ್ತುವುದನ್ನು ಮಾತ್ರ ನಿಲ್ಲಿಸುತ್ತಾಳೆ.

ಹೆಚ್ಚು ವಿಚಾರಿಸಬೇಕಾದುದು ಎರಡನೆಯ ಪಕ್ಷವನ್ನು. ಈ ಪಿಶಾಚಿಗಳು ಮನುಷ್ಯರನ್ನು ಕೊಲ್ಲುವುದಿಲ್ಲ, ಸಂಯಮಿಗಳು, ಅವರಲ್ಲಿ ಅಹಿಂಸೆಯ ಸಂದೇಶವಿದೆ ಎಂಬುದು ಈ ಪಕ್ಷದ ವಾದ. ಎಡ್ವರ್ಡನ ಕುಟುಂಬವು ತನ್ನನ್ನು ‘ಸಸ್ಯಾಹಾರಿ’ ಎಂದು ಕರೆದುಕೊಳ್ಳುತ್ತದೆ. ಕಾರಣವೇನು? ಅವರು ಕುಡಿಯುವುದು ಪ್ರಾಣಿಗಳ ರಕ್ತವನ್ನು ಮಾತ್ರ! ಜಿಂಕೆಯ ರಕ್ತ ಅವರಿಗೆ ಸಪ್ಪೆ. ಬೆಟ್ಟದ ಸಿಂಹವೆಂದರೆ ನಾಯಕನಿಗೆ ವಿಶೇಷ ಪ್ರೀತಿ, ಅವನ ಸಹೋದರನಿಗೆ ಕರಡಿ. ಲೇಖಕಿಯು ಈ ಶಬ್ದವನ್ನು ಆ ಕುಟುಂಬದ ಒಳಗಿನ ವಿನೋದವಾಗಿಯೇ ಬಳಸಿದ್ದಾರೆ ಎಂಬುದನ್ನು ಒಪ್ಪಬೇಕು. ಆದರೆ ಓದುಗರು ಆ ಪಾತ್ರಗಳಿಗೆ ಕೊಟ್ಟ ಮೆಚ್ಚುಗೆ ವಿನೋದದ್ದಲ್ಲ. ಮನುಷ್ಯನನ್ನು ಬಿಟ್ಟು ಉಳಿದ ಜೀವವನ್ನು ಕೊಂದರೆ ಅದು ತ್ಯಾಗ, ಅದು ಶೀಲ ಎಂಬ ಭಾವ ಆ ಮೆಚ್ಚುಗೆಯ ಅಡಿಪಾಯ. ಮಾಂಸಾಹಾರವೇ ರೂಢಿಯಾಗಿರುವ ದೇಶದ ಓದುಗರಿಗೆ ಈ ವಿನೋದ ಚುಚ್ಚದಿರುವುದು ಸಹಜ. ಪ್ರತಿದಿನ ಪ್ರತಿಕ್ರಮಣದಲ್ಲಿ ಏಕೇಂದ್ರಿಯ ಜೀವಿಗಳ ಕ್ಷಮೆಯನ್ನೂ ಕೇಳುವ ಮನೆಯಲ್ಲಿ ಅದು ಯಾರಿಗೂ ಚುಚ್ಚಲಿಲ್ಲವೆಂದರೆ ಅದನ್ನು ಸಹಜವೆನ್ನಲಾಗದು.

ಜನ್ನನ ಕಥೆಯನ್ನು ಇದರ ಪಕ್ಕದಲ್ಲಿಡಬೇಕು. ಯಶೋಧರನು ಕೆಟ್ಟ ಕನಸಿನ ನೆಪ ಹೇಳಿದಾಗ ತಾಯಿ ಚಂದ್ರಮತಿಯು ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ಹಟ ಹಿಡಿಯುತ್ತಾಳೆ. ಮಗನು ಜೀವಹಿಂಸೆಗೆ ಒಪ್ಪುವುದಿಲ್ಲ. ಕಡೆಗೆ ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಅಲ್ಲಿ ಒಂದು ಹನಿ ರಕ್ತವೂ ಬೀಳಲಿಲ್ಲ. ಆದರೂ ಕಡಿಯುವೆನೆಂಬ ಸಂಕಲ್ಪವಿತ್ತು. ಅಷ್ಟಕ್ಕೇ ತಾಯಿ ಮಗ ಇಬ್ಬರೂ ನವಿಲು ನಾಯಿಗಳಾಗಿ ಮೊದಲುಗೊಂಡು ಜನ್ಮಜನ್ಮಾಂತರ ತಿರ್ಯಗ್ಗತಿಯಲ್ಲಿ ತೊಳಲುತ್ತಾರೆ. ರಕ್ತವಿಲ್ಲದ ಹಿಟ್ಟಿನಲ್ಲಿ ಜೈನಕವಿಯು ಹಿಂಸೆಯನ್ನು ಕಂಡನು. ರಕ್ತದ ಮಡುವಿನಲ್ಲಿ ಈ ಕಾದಂಬರಿಯು ಸಸ್ಯಾಹಾರವನ್ನು ಕಂಡಿದೆ. ಇವೆರಡರ ನಡುವಿನ ಅಂತರವನ್ನು ಹದಿನೈದು ವರ್ಷದ ಮಗುವಿಗೆ ತೋರಿಸಿಕೊಡಲು ಮನೆಯಲ್ಲಿ ಒಬ್ಬರಿಗೂ ಆಗದಿದ್ದರೆ, ಆ ಮನೆಯಲ್ಲಿ ಉಳಿದಿರುವುದು ಅಹಿಂಸೆಯ ಹೆಸರು ಮಾತ್ರ.

ಸಂಯಮವೆಂಬ ಹೊಗಳಿಕೆಯೂ ಇಷ್ಟೇ ಟೊಳ್ಳು. ಪ್ರಮಾದದಿಂದ ಕೂಡಿದ ಮನೋವಚನಕಾಯಗಳ ಪ್ರವೃತ್ತಿಯಿಂದ ಪ್ರಾಣಹರಣವಾಗುವುದನ್ನು ಉಮಾಸ್ವಾಮಿಗಳು ಹಿಂಸೆಯೆಂದರು. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇನ್ನೂ ಮುಂದೆ ಹೋಗಿ, ರಾಗಾದಿಗಳು ಹುಟ್ಟುವುದೇ ಹಿಂಸೆ, ಹುಟ್ಟದಿರುವುದೇ ಅಹಿಂಸೆ ಎಂಬ ಸಿದ್ಧಾಂತವನ್ನು ನಿಲ್ಲಿಸಿದರು. ಸಂಯಮಿಯು ಹಸಿವನ್ನು ಕ್ಷೀಣಗೊಳಿಸುತ್ತಾನೆ. ಈ ನಾಯಕನ ಹಸಿವು ಎಳ್ಳಷ್ಟೂ ಕಡಮೆಯಾಗುವುದಿಲ್ಲ. ಅದನ್ನು ಒಂದು ಜೀವದಿಂದ ತಪ್ಪಿಸಿ ಇನ್ನೊಂದು ಜೀವದ ಮೇಲೆ ಹರಿಸುತ್ತಾನೆ. ನಾಯಕಿಯ ರಾಗವಂತೂ ಸಂಪುಟದಿಂದ ಸಂಪುಟಕ್ಕೆ ಬೆಳೆಯುತ್ತದೆ. ಅವನು ಬಿಟ್ಟುಹೋದಾಗ ತಿಂಗಳುಗಟ್ಟಲೆ ಜಡವಾಗುತ್ತಾಳೆ, ಅವನ ದನಿ ಕೇಳುವ ಭ್ರಮೆಗಾಗಿ ಬಂಡೆಯಿಂದ ಸಮುದ್ರಕ್ಕೆ ಹಾರುತ್ತಾಳೆ. ಗರ್ಭಿಣಿಯಾದಾಗ ವೈದ್ಯನು ತೆಗೆದಿಟ್ಟಿದ್ದ ಮನುಷ್ಯರಕ್ತವನ್ನೇ ಕುಡಿಯುತ್ತಾಳೆ. ಕಡೆಗೆ ತಾನೂ ಪಿಶಾಚಿಯಾಗಿ ಬೆಟ್ಟದ ಸಿಂಹವೊಂದನ್ನು ಕೊಂದು ಹೀರಿದಾಗ ಕಥೆಯು ಅದನ್ನು ಅವಳ ಸಿದ್ಧಿಯೆಂದು ಕೊಂಡಾಡುತ್ತದೆ.

ಅಮೃತಮತಿಯ ಕಥೆಗೂ ಇದಕ್ಕೂ ಇರುವ ಭೇದವೂ ಇಲ್ಲಿಯೇ. ಜನ್ನನು ಕಾಮವನ್ನು ಮುಚ್ಚಿಡಲಿಲ್ಲ. ಅದರ ಫಲವನ್ನೂ ಮುಚ್ಚಿಡಲಿಲ್ಲ. ಮೇಯರ್ ಅವರ ಕಥೆಯಲ್ಲಿ ಕರ್ಮಕ್ಕೆ ಫಲವೇ ಇಲ್ಲ. ಕೊಲ್ಲುವ ಬಾಯಿಗೆ ಬಹುಮಾನವಾಗಿ ಸೌಂದರ್ಯ, ಸಂಪತ್ತು, ಮುಪ್ಪಿಲ್ಲದ ದೇಹ ದೊರೆಯುತ್ತವೆ. ದೇವಗತಿಯ ಆಯುಷ್ಯಕ್ಕೂ ಕೊನೆಯಿದೆಯೆಂದು ಕಲಿತವರಿಗೆ, ಮೋಕ್ಷವೆಂದರೆ ದೇಹದಿಂದ ಬಿಡುಗಡೆಯೆಂದು ನಂಬಿದವರಿಗೆ, ಎಂದೂ ಬಿಡಲಾಗದ ದೇಹದಲ್ಲಿ ಎಂದೂ ತೀರದ ಹಸಿವೆಂಬುದು ನರಕದ ವರ್ಣನೆಯಂತೆ ಕಾಣಬೇಕಾಗಿತ್ತು. ಹಿರಿಯರಿಗೂ ಅದು ಸ್ವರ್ಗದಂತೆ ಕಂಡಿತು.

ಹೀಗೇಕೆ ಆಯಿತು? ಅಹಿಂಸೆಯು ಮನೆಯಲ್ಲಿ ಅಡುಗೆಕೋಣೆಯ ಒಂದು ಪಟ್ಟಿಯಾಗಿ ಕುಗ್ಗಿರುವುದರಿಂದ ಆಯಿತು. ನೀರುಳ್ಳಿ ಬಿಟ್ಟಿದೆ, ಗೆಡ್ಡೆ ಬಿಟ್ಟಿದೆ, ಸೂರ್ಯಾಸ್ತದ ಮೊದಲು ಊಟವಾಗಿದೆ. ಇವು ಒಳ್ಳೆಯ ನಿಯಮಗಳು. ಇವನ್ನು ಹಗುರವಾಗಿ ಕಾಣಬಾರದು. ಆದರೆ ಏನನ್ನು ತಿನ್ನುವುದಿಲ್ಲ ಎಂಬ ಪಟ್ಟಿಯೇ ಧರ್ಮವಾದರೆ, ಮನುಷ್ಯರಕ್ತವನ್ನು ತನ್ನ ಪಟ್ಟಿಯಿಂದ ತೆಗೆದುಹಾಕಿದ ಪಿಶಾಚಿಯೂ ಧರ್ಮಿಷ್ಠನೇ ಆಗುತ್ತಾನೆ. ತರ್ಕ ಒಂದೇ, ಪಟ್ಟಿ ಮಾತ್ರ ಬೇರೆ.

ಶಾಸ್ತ್ರವು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಾಗಿಲುಗಳನ್ನು ಹೇಳಿದೆ. ಮುಂಡಾಜೆಯ ಕಾಡಂಚಿನ ತೋಟಕ್ಕೆ ಹಂದಿ ನುಗ್ಗಿದಾಗ ಉರುಳು ಇಟ್ಟ ಆಳಿಗೆ ಕೂಲಿ ಎಣಿಸಿಕೊಟ್ಟು, ತಾನು ನೋಡಲಿಲ್ಲವೆಂದು ಸಮಾಧಾನಪಟ್ಟುಕೊಂಡ ಒಡೆಯನಿದ್ದರೆ ಅವನು ಮೊದಲನೆಯ ಬಾಗಿಲನ್ನು ಮುಚ್ಚಿ ಎರಡನೆಯದನ್ನು ತೆರೆದಿಟ್ಟಿದ್ದಾನೆ. ತುಳುನಾಡಿನ ಹಲವು ಜೈನ ಬೀಡುಗಳಿಗೆ ದೈವಗಳ ಪಾರುಪತ್ಯ ಪರಂಪರೆಯಿಂದ ಬಂದಿದೆ. ಎಲ್ಲಿ ಮುಂಬಾಗಿಲಲ್ಲಿ ಹೂವು ಹಿಂಗಾರವಿಟ್ಟು, ಹಿಂಬದಿಯಲ್ಲಿ ಬೇರೆಯವರ ಕೈಯಿಂದ ಕೋಳಿ ಕೊಯ್ಯಿಸುವುದಕ್ಕೆ ಮೌನಸಮ್ಮತಿ ಇದೆಯೋ ಅಲ್ಲಿ ಮೂರನೆಯ ಬಾಗಿಲು ತೆರೆದಿದೆ. ದೇವತೆಗಳಿಗೆ ಮದ್ಯಮಾಂಸಗಳ ಸೇವನೆಯನ್ನು ಆರೋಪಿಸುವುದೇ ದೇವಾವರ್ಣವಾದ, ಅದು ದರ್ಶನಮೋಹನೀಯದ ಆಸ್ರವಕ್ಕೆ ಕಾರಣ ಎಂದು ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಸ್ಪಷ್ಟಪಡಿಸಿದ್ದಾರೆ. ಕೆಂಪು ನೀರು ಹಚ್ಚಿದ ಕುಂಬಳಕಾಯಿಯನ್ನು ಕಡಿಯುವಾಗಲೂ, ಕಡಿಯುವವನ ಮನಸ್ಸಿನಲ್ಲಿ ಅದು ಕುಂಬಳಕಾಯಿಯೋ ಕೋಳಿಯೋ ಎಂಬ ಪ್ರಶ್ನೆಯನ್ನು ಜನ್ನನು ಎಂಟುನೂರು ವರ್ಷಗಳ ಹಿಂದೆಯೇ ಎತ್ತಿದ್ದಾನೆ. ಈ ಪ್ರಶ್ನೆಗಳಿಂದ ಮುಖ ತಿರುಗಿಸಿದ ಹಿರಿಯರಿಗೆ ಮಕ್ಕಳ ಕಾದಂಬರಿಯ ಸುಳ್ಳು ಕಾಣಿಸದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಮೂರನೆಯ ಪಕ್ಷ, ತಾವೇ ಓದುವ ತಾಯಂದಿರು. ಇವರನ್ನು ಗೇಲಿ ಮಾಡುವ ಪುರುಷರು ಒಂದು ಮಾತನ್ನು ಮರೆಯುತ್ತಾರೆ. ಮಗಳು ಯಾವ ಪುಟದಲ್ಲಿ ಕಣ್ಣೀರಿಟ್ಟಳು, ಯಾವ ಪುಟದಲ್ಲಿ ನಕ್ಕಳು ಎಂಬುದನ್ನು ಬಲ್ಲವರು ಇವರು ಮಾತ್ರ. ನಿಷೇಧಿಸುವವರೂ ಹೊಗಳುವವರೂ ಬಹುಪಾಲು ಪುಸ್ತಕವನ್ನು ತೆರೆದವರಲ್ಲ. ಆದುದರಿಂದ ಮಕ್ಕಳೊಡನೆ ಈ ವಿಚಾರವನ್ನು ಮಾತನಾಡುವ ಅಧಿಕಾರ ಮೊದಲು ತಾಯಂದಿರದು. ಗುಟ್ಟಾಗಿ ಓದುವುದನ್ನು ಬಿಟ್ಟು ಅವರು ಮಗಳೊಡನೆ ಓದಲಿ. ಆ ಜಿಂಕೆಗೆ ಜೀವವಿರಲಿಲ್ಲವೇ? ಬಿಡಲಾರದ ಹಂಬಲವು ಪ್ರೀತಿಯೋ ಬಂಧವೋ? ಕಾವಲು ಕಾಯುವವನು ರಕ್ಷಕನೋ ಸೆರೆಮನೆಯವನೋ? ಹೀಗೆ ಕೇಳಲಿ. ಉತ್ತರವನ್ನು ಮಗಳೇ ಹೇಳಲಿ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಹೊಣೆಯಿದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ಜನ ಕೈಮುಗಿದರು, ಓದಲಿಲ್ಲ. 1939ರಲ್ಲಿ ಡಾ. ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಮೊದಲ ಸಂಪುಟ ಅಚ್ಚಾದ ಮೇಲೆಯೇ ಅವು ಮತ್ತೆ ಶ್ರುತವಾದವು. ಹೊರಗಿನವರ ಕಥೆಗಳು ಸುಂದರವಾದ ರಕ್ಷಾಪುಟದೊಡನೆ ಮಗುವಿನ ಹಾಸಿಗೆಯವರೆಗೆ ಬರುತ್ತಿರುವಾಗ, ಜನ್ನನನ್ನು ಹಳಗನ್ನಡದ ಕಂದಪದ್ಯಗಳ ಬೀಗದೊಳಗೆ ಬಿಟ್ಟು ಯುವಜನರು ಕೆಟ್ಟರೆಂದು ದೂರುವುದು ನ್ಯಾಯವಲ್ಲ. ಪಂಚಕಲ್ಯಾಣದ ಶಾಮಿಯಾನಕ್ಕೂ ಆಮಂತ್ರಣ ಪತ್ರಿಕೆಗೂ ಆಗುವ ವೆಚ್ಚದ ಒಂದು ಪಾಲಿನಲ್ಲಿ ‘ಯಶೋಧರ ಚರಿತೆ’ಯನ್ನು ಇಂದಿನ ಕನ್ನಡದಲ್ಲಿಯೂ ಮಕ್ಕಳು ಓದುವ ಇಂಗ್ಲಿಷಿನಲ್ಲಿಯೂ ಮುದ್ರಿಸಿ ಮನೆಮನೆಗೆ ಕೊಡಬಹುದು. ಪಾಠಶಾಲೆಯಲ್ಲಿ ಭಾನುವಾರಕ್ಕೊಂದು ಭವವನ್ನು ಓದಿಸಬಹುದು. ಅದರಲ್ಲಿ ಪ್ರೇಮವಿದೆ, ವಂಚನೆಯಿದೆ, ವಿಷವಿದೆ, ಸತ್ತು ಮತ್ತೆ ಹುಟ್ಟುವುದಿದೆ; ಹದಿನೈದರ ಮನಸ್ಸು ಬೇಡುವುದೆಲ್ಲವೂ ಇದೆ.

ಆ ಕಥೆಯ ಕೊನೆಯಲ್ಲಿ, ಬಲಿಗೆಂದು ಹಿಡಿದು ತಂದ ಅಭಯರುಚಿ ಅಭಯಮತಿಯರೆಂಬ ಇಬ್ಬರು ಎಳೆಯರು ನಿರ್ಭಯವಾಗಿ ತಮ್ಮ ಪೂರ್ವಜನ್ಮಗಳನ್ನು ಹೇಳುತ್ತಾರೆ. ಅದನ್ನು ಕೇಳಿದ ಮಾರಿದತ್ತ ಅರಸನು ಎತ್ತಿದ ಕತ್ತಿಯನ್ನು ಇಳಿಸುತ್ತಾನೆ. ಹಿರಿಯನೊಬ್ಬನ ಕೈಯ ಕತ್ತಿಯನ್ನು ಇಳಿಸಿದವರು ಎಳೆಯರು ಎಂಬುದನ್ನು ಗಮನಿಸಬೇಕು. ಇಂದಿನ ಎಳೆಯರಿಗೆ ಆ ಕಥೆಯನ್ನು ಕೊಡದಿದ್ದರೆ, ನಾಳೆ ಹಿರಿಯರ ಕೈ ಹಿಡಿದು ತಡೆಯುವವರು ಯಾರು?