ಮೂರನೆಯ ಹಾವು

ನಮ್ಮ ಬೀದಿಯಲ್ಲಿ ಎರಡನೇ ಮಹಡಿಯ ಮನೆಯೊಂದರಲ್ಲಿ ಬಾಡಿಗೆಗಿರುವ, ಎಂಜಿನಿಯರಿಂಗ್ ಓದುವ ಹುಡುಗ ಹೋದ ಮಳೆಗಾಲದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ತೋರಿಸಿದ. ಅಡುಗೆಮನೆಯಲ್ಲಿ ಅಕ್ಕಿ ತುಂಬಿಡುತ್ತಾರಲ್ಲ, ಅಷ್ಟು ದೊಡ್ಡದು. ಸ್ಕ್ರೂಡ್ರೈವರ್ ಕಾಯಿಸಿ ಮುಚ್ಚಳಕ್ಕೆ ತೂತು ಹಾಕಿದ್ದ. ಒಳಗೆ ಹಳೇ ಪೇಪರು, ಒಂದು ಬಟ್ಟಲು.

“ಕಾರ್ನ್ ಸ್ನೇಕ್ ತರ್ತಿದೀನಿ ಅಂಕಲ್. ವಿಷ ಇಲ್ಲ, ಗಲಾಟೆ ಇಲ್ಲ. ವಾರಕ್ಕೊಂದು ಇಲಿ ಹಾಕಿದ್ರೆ ಆಯ್ತು. ಇದಕ್ಕಿಂತ ಸುಲಭದ ಪೆಟ್ ಇನ್ನೊಂದಿಲ್ಲ ಅಂತ ಮಾರೋರೇ ಹೇಳಿದ್ರು.”

ನನ್ನ ತಕರಾರು ಆ ಹುಡುಗನ ಮೇಲಲ್ಲ, ಹಾವು ಸಾಕುವುದರ ಮೇಲೂ ಅಲ್ಲ. ಈ ‘ಸುಲಭ’ ಎಂಬ ಮಾತಿನ ಮೇಲೆ.

ಹಾವಿನ ವಿಷಯದಲ್ಲಿ ನಮ್ಮ ಇತಿಹಾಸವೇನೂ ಹೆಮ್ಮೆಪಡುವಂಥದ್ದಲ್ಲ. ನಾನಿರುವ ಬಡಾವಣೆಯ ಹೆಸರು ಸುಬ್ರಹ್ಮಣ್ಯಪುರ. ಹಾವಿನ ರೂಪದಲ್ಲಿ ನಾವು ಪೂಜಿಸುವ ದೇವರ ಹೆಸರು. ನಾಗರಪಂಚಮಿಯ ದಿನ ಅಶ್ವತ್ಥಕಟ್ಟೆಯ ನಾಗರಕಲ್ಲುಗಳಿಗೆ ಅರಿಶಿನ ಕುಂಕುಮ, ಹಾಲಿನ ಅಭಿಷೇಕ. ಇಂಥ ಊರಿನಲ್ಲೇ ಕೆಲವು ವರ್ಷಗಳ ಹಿಂದೆ ಖಾಲಿ ಸೈಟೊಂದರ ಕಡೆಯಿಂದ ಬಂದ ಕೇರೆ ಹಾವನ್ನು ಐದಾರು ಜನ ಸೇರಿ ದೊಣ್ಣೆಯಿಂದ ಬಡಿದು ಕೊಂದರು. ನಾನು ಗೇಟಿನ ಒಳಗೆ ಕೈಕಟ್ಟಿಕೊಂಡು ನಿಂತಿದ್ದೆ. ಅದು ನಾಗರವಲ್ಲ, ಕೇರೆ ಎಂದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಕಲ್ಲಿನ ಹಾವಿಗೊಂದು ನ್ಯಾಯ, ಜೀವದ ಹಾವಿಗೊಂದು ನ್ಯಾಯ ಎಂಬ ಈ ಇಬ್ಬಂದಿತನವನ್ನು 12ನೇ ಶತಮಾನದಲ್ಲೇ ಬಸವಣ್ಣ ಎತ್ತಿ ಆಡಿದ್ದಾನೆ. ಆ ವಚನ ಶಾಲೆಗೆ ಹೋದವರಿಗೆಲ್ಲ ಬಾಯಿಪಾಠ. ಈಗ ಮೂರನೆಯ ಹಾವು ಬಂದಿದೆ: ಡಬ್ಬಿಯ ಹಾವು. ಇದಕ್ಕೆ ಹಾಲೂ ಇಲ್ಲ, ದೊಣ್ಣೆಯೂ ಇಲ್ಲ. ಕೈಗೆ ಸುತ್ತಿಕೊಂಡು ತೆಗೆದ ಫೋಟೋ ಇದೆ, ಅದಕ್ಕೆ ಬೀಳುವ ಲೈಕುಗಳಿವೆ. ಹಾವಿಗೆ ಹಾಲು ಆಹಾರವಲ್ಲ ಎಂದು ತಿಳಿದವರು ಎಷ್ಟೋ ಸಲ ಹೇಳಿದ್ದಾರೆ. ಆದರೂ ಎರೆಯುತ್ತೇವೆ, ಏಕೆಂದರೆ ಎರೆಯುವುದರಿಂದ ನಮಗೆ ಸಮಾಧಾನ. ಡಬ್ಬಿಯೂ ಹಾಗೆಯೇ. ಅದು ನಮಗೆ ಅನುಕೂಲ. ನಿನಗೇನು ಬೇಕು ಎಂದು ಹಾವನ್ನು ಕೇಳಿದವರು ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಹಾಗಾದರೆ ಕೇಳೋಣ. ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ರಾಜ್ಯಗಳದ್ದು. ಜೋಳದ ಕಣಜಗಳ ಸುತ್ತ ಇಲಿ ಹಿಡಿಯುತ್ತಿದ್ದುದರಿಂದ ಈ ಹೆಸರು ಬಂತೆನ್ನುತ್ತಾರೆ. ಹೊಟ್ಟೆಯ ಮೇಲಿನ ಚೌಕುಳಿ ಬಣ್ಣದ ಜೋಳದ ತೆನೆಯಂತಿದೆ, ಅದಕ್ಕೇ ಎನ್ನುವವರೂ ಇದ್ದಾರೆ. ಅಂದರೆ ನಮ್ಮ ಕೇರೆ ಹಾವಿನ ಕಸುಬಿನದೇ. ಮರಿಯಾಗಿದ್ದಾಗ ಪೆನ್ಸಿಲ್ ದಪ್ಪ, ಬೆಳೆದರೆ ಮೂರರಿಂದ ಐದು ಅಡಿ. ಚೆನ್ನಾಗಿ ನೋಡಿಕೊಂಡರೆ 15ರಿಂದ 20 ವರ್ಷ ಬದುಕುತ್ತದೆ. ಇಂದು ಎರಡನೇ ಸೆಮಿಸ್ಟರಿನಲ್ಲಿರುವ ಹುಡುಗನಿಗೆ ಮದುವೆಯಾಗಿ ಮಗು ಶಾಲೆಗೆ ಹೋಗುವ ಹೊತ್ತಿಗೂ ಈ ಹಾವು ಇರುತ್ತದೆ.

‘ಹಾವಿಗೆ ಇಕ್ಕಟ್ಟೇ ಇಷ್ಟ’ ಎನ್ನುವುದು ಮಾರುವವರ ಮೊದಲ ವಾದ. ಅರ್ಧ ನಿಜ. ಬಚ್ಚಿಟ್ಟುಕೊಳ್ಳಲು ಅದಕ್ಕೆ ಇಕ್ಕಟ್ಟಾದ ಗೂಡು ಬೇಕು. ಆದರೆ ಮಲಗುವ ಮಂಚ ಇಷ್ಟವೆಂದು ಯಾರನ್ನೂ ಜೀವನಪೂರ್ತಿ ಮಂಚದ ಮೇಲೇ ಕೂಡಿಹಾಕುವುದಿಲ್ಲವಲ್ಲ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು ಕಾರ್ನ್ ಸ್ನೇಕ್‌ಗಳನ್ನೇ ಇಟ್ಟುಕೊಂಡು ನಡೆಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಚಿಕ್ಕದು ದೊಡ್ಡದು ಎರಡನ್ನೂ ಮುಂದಿಟ್ಟಾಗ ಹಾವುಗಳು ದೊಡ್ಡ ಆವರಣದ ಕಡೆಗೇ ಒಲವು ತೋರಿದವು. ಮೈಯನ್ನು ಪೂರ್ತಿ ನೀಳವಾಗಿ ಚಾಚಲು ಜಾಗವಿದ್ದಾಗ ಅವು ಚಾಚುತ್ತವೆ. ಐದಡಿಯ ಜೀವವನ್ನು ಒಂದೂವರೆ ಅಡಿಯ ಡಬ್ಬಿಯಲ್ಲಿಟ್ಟರೆ ಅದು ಸುರುಳಿ ಸುತ್ತಿಕೊಂಡು ಕೂತಿರುತ್ತದೆ. ಅದನ್ನು ನಾವು ‘ನೆಮ್ಮದಿ’ ಎಂದು ಓದಿಕೊಳ್ಳುತ್ತೇವೆ.

ಬೆಳೆದ ಹಾವಿಗೆ ಕನಿಷ್ಠ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಪೆಟ್ಟಿಗೆ ಬೇಕು. ಹಾವಿನಷ್ಟೇ ಉದ್ದವಿದ್ದರೆ ಇನ್ನೂ ಒಳ್ಳೆಯದು. ಬಡಗಿಯ ಕೈಯಲ್ಲಿ ಪ್ಲೈವುಡ್‌ನಲ್ಲಿ ಮಾಡಿಸಿ, ಮುಂದೆ ಸರಿಸುವ ಗಾಜು ಹಾಕಿಸಬಹುದು. ಗಾಳಿಗೆ ಜಾಲರಿ, ಗಾಜಿಗೆ ಬೀಗ. ಬೀಗ ಅಲಂಕಾರಕ್ಕಲ್ಲ. ಬೆರಳು ತೂರುವಷ್ಟು ಸಂದು ಸಿಕ್ಕರೆ ಕಾರ್ನ್ ಸ್ನೇಕ್ ಹೊರಗೆ. ಕಿತ್ತಳೆ ಮೈ, ಕೆಂಪು ಮಚ್ಚೆಯ ಹಾವು ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಕಂಡರೆ, ಇದಕ್ಕೆ ವಿಷವಿಲ್ಲ ಎಂದು ವಿವರಿಸಲು ಯಾರೂ ನಿಮಗೆ ಸಮಯ ಕೊಡುವುದಿಲ್ಲ. ಕೇರೆ ಹಾವಿಗೆ ಆದದ್ದೇ ಅದಕ್ಕೂ ಆಗುತ್ತದೆ.

ಎರಡನೆಯ ಸುಳ್ಳು: ‘ಬೆಂಗಳೂರಿನ ಹವೆ ಚೆನ್ನಾಗಿದೆ, ಬಿಸಿ ಬೇಡ.’ ಹವೆ ಚೆನ್ನಾಗಿರುವುದು ನಮಗೆ. ಹಾವು ತನ್ನ ಮೈಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಬಿಸಿಲಿಗೂ ನೆರಳಿಗೂ ಓಡಾಡಿಯೇ ಹೊಂದಿಸಿಕೊಳ್ಳಬೇಕು. ಆದ್ದರಿಂದ ಪೆಟ್ಟಿಗೆಯ ಒಂದು ತುದಿ 30 ಡಿಗ್ರಿಯ ಆಸುಪಾಸಿನಲ್ಲಿ, ಇನ್ನೊಂದು ತುದಿ 24ರ ಆಸುಪಾಸಿನಲ್ಲಿ ಇರಬೇಕು. ಜನವರಿಯ ರಾತ್ರಿ ನಮ್ಮಲ್ಲಿ 15–16 ಡಿಗ್ರಿಗೆ ಇಳಿಯುವುದು ಮಾಮೂಲು. ಆ ಥಂಡಿಯಲ್ಲಿ ನುಂಗಿದ ಇಲಿ ಅರಗುವುದಿಲ್ಲ, ಹಾವು ಅದನ್ನು ಕಕ್ಕುತ್ತದೆ. ಹಾಗೆಂದು ಹೀಟ್ ಮ್ಯಾಟನ್ನು ನೇರ ಪ್ಲಗ್ಗಿಗೆ ಸಿಕ್ಕಿಸಿದರೆ ಹೊಟ್ಟೆಯ ಚರ್ಮ ಸುಡುತ್ತದೆ. ನಡುವೆ ಥರ್ಮೋಸ್ಟಾಟ್ ಇರಲೇಬೇಕು. ಎರಡೂ ತುದಿಗೆ ಒಂದೊಂದು ಅಡಗುತಾಣ ಬೇಕು. ಒಂದೇ ಇಟ್ಟರೆ ಬಿಸಿ ಬೇಕೋ ಭದ್ರತೆ ಬೇಕೋ ಎಂದು ಹಾವು ಆರಿಸಿಕೊಳ್ಳಬೇಕಾಗುತ್ತದೆ. ತಳಕ್ಕೆ ಮೂರು ಬೆರಳು ದಪ್ಪ ತೆಂಗಿನ ಸಿಪ್ಪೆಯ ಚೂರು, ಹತ್ತಲು ಗಟ್ಟಿ ಕೊಂಬೆ, ಮೈ ಮುಳುಗುವಷ್ಟು ದೊಡ್ಡ ನೀರಿನ ಬಟ್ಟಲು. ಇಲಿಯನ್ನು ಜೀವಂತ ಬಿಡಬಾರದು. ಹೆದರಿದ ಇಲಿ ಹಾವನ್ನೇ ಕಚ್ಚಿ ಗಾಯ ಮಾಡುತ್ತದೆ. ಫ್ರೀಜರಿನಲ್ಲಿಟ್ಟ ಸತ್ತ ಇಲಿಯನ್ನು ಕರಗಿಸಿ, ಬೆಚ್ಚಗೆ ಮಾಡಿ ಕೊಡಬೇಕು. ಆ ಫ್ರೀಜರ್ ಬಗ್ಗೆ ಅಮ್ಮನ ಒಪ್ಪಿಗೆಯನ್ನೂ ಮೊದಲೇ ಪಡೆಯಬೇಕು.

ಇದರಲ್ಲಿ ಯಾವುದೂ ಅಸಾಧ್ಯವಲ್ಲ. ಆದರೆ ಇದು ‘ಸುಲಭ’ವೂ ಅಲ್ಲ.

ಇನ್ನು ಕಾನೂನು. ನಮ್ಮ ನೆಲದ ನಾಗರ, ಕೇರೆ, ಹೆಬ್ಬಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. 2022ರ ತಿದ್ದುಪಡಿ ಬಂದ ಮೇಲೆ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಬಾಲ್ ಪೈಥಾನಿನಂಥ ವಿದೇಶಿ ಜೀವಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕು. ಕಾರ್ನ್ ಸ್ನೇಕ್ ಆ ಪಟ್ಟಿಯಲ್ಲಿಲ್ಲ. ‘ಹಾಗಾದರೆ ಏನೂ ತೊಂದರೆಯಿಲ್ಲ’ ಎನ್ನುತ್ತಾರೆ. ನಾನು ಉಲ್ಟಾ ಹೇಳುತ್ತೇನೆ: ಯಾರೂ ಬಂದು ಕೇಳುವುದಿಲ್ಲ ಎಂದಮೇಲೆ ಕೇಳಿಕೊಳ್ಳುವ ಹೊಣೆ ಪೂರ್ತಿ ನಮ್ಮದೇ. 2024ರ ಏಪ್ರಿಲ್‌ನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನೊಬ್ಬನ ಬ್ಯಾಗಿನಲ್ಲಿ 10 ಹಳದಿ ಅನಕೊಂಡಗಳು ಸಿಕ್ಕವು. ಸೂಟ್‌ಕೇಸಿನಲ್ಲಿ ಉಸಿರು ಬಿಗಿಹಿಡಿದು ಬರುವ ಜೀವಗಳ ಮಾರುಕಟ್ಟೆ ನಮ್ಮ ಊರಿನಲ್ಲೇ ಇದೆ ಎಂದರ್ಥ. ಈ ಮರಿ ಎಲ್ಲಿ ಹುಟ್ಟಿತು, ಕಾಗದ ಎಲ್ಲಿ ಎಂದು ಕೇಳಿದಾಗ ಮಾರುವವನು ಮಾತು ತಿರುಗಿಸಿದರೆ ಎದ್ದು ಬರಬೇಕು.

ಸಾಕಾದ ಮೇಲೆ ತುರಹಳ್ಳಿ ಕಾಡಿಗೆ ಬಿಟ್ಟು ಬರುತ್ತೇನೆ ಎನ್ನುವವರನ್ನೂ ಕೇಳಿದ್ದೇನೆ. ಅದು ಬಿಡುಗಡೆಯಲ್ಲ. ಒಂದೋ ಆ ಹಾವು ಸಾಯುತ್ತದೆ, ಇಲ್ಲವೇ ಇಲ್ಲಿಲ್ಲದ ರೋಗವನ್ನು ಇಲ್ಲಿನ ಹಾವುಗಳಿಗೆ ಅಂಟಿಸುತ್ತದೆ. ಸಾಕಲು ತಂದ ಬರ್ಮಾ ಹೆಬ್ಬಾವುಗಳು ಹೊರಬಿದ್ದು ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನ ಪ್ರಾಣಿಸಂಕುಲವನ್ನು ಏನು ಮಾಡಿವೆ ಎಂದು ಜಗತ್ತು ನೋಡುತ್ತಿದೆ.

ಹಾವನ್ನು ಸಾಕಲೇಬಾರದು, ದೋಷ ತಗಲುತ್ತದೆ ಎನ್ನುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ಸೆರೆಯಲ್ಲೇ ಹುಟ್ಟಿದ, ಚೆನ್ನಾಗಿ ನೋಡಿಕೊಂಡ ಒಂದು ಹಾವನ್ನು ದಿನವೂ ಕಂಡ ಹುಡುಗ ನಾಳೆ ಕೇರೆ ಹಾವಿನ ಮೇಲೆ ದೊಣ್ಣೆ ಎತ್ತಲಾರ ಎಂಬ ಆಸೆ ನನಗಿದೆ. ಆದರೆ ಅದೇ ಹಿರಿಯರಿಂದ ಒಂದನ್ನು ಕಲಿಯಬೇಕು. ಕರಾವಳಿಯವರು ನಾಗನಿಗೆಂದು ಬನ ಬಿಟ್ಟರು. ಆ ತುಂಡು ನೆಲದಲ್ಲಿ ಮರ ಕಡಿಯುವಂತಿಲ್ಲ, ಉಳುವಂತಿಲ್ಲ. ಈಗ ಎಷ್ಟೋ ಬನಗಳು ಕಾಂಕ್ರೀಟ್ ಕಟ್ಟೆಗಳಾಗಿವೆ, ಆ ಮಾತು ಬೇರೆ. ಹಾವಿಗೆ ಮೊದಲು ಕೊಡಬೇಕಾದದ್ದು ಜಾಗ ಎಂಬುದು ಅವರಿಗೆ ಗೊತ್ತಿತ್ತು. ನಾಲ್ಕಡಿಯ ಪೆಟ್ಟಿಗೆ ಬನವಾಗಲಾರದು. ಆದರೆ ಆ ಲೆಕ್ಕದಲ್ಲಿ ಯೋಚಿಸಿ ಕಟ್ಟಿದ ಪೆಟ್ಟಿಗೆಗೂ ತೂತು ಹಾಕಿದ ಅಕ್ಕಿ ಡಬ್ಬಿಗೂ ಬಹಳ ವ್ಯತ್ಯಾಸವಿದೆ. ಮೊದಲು ಮನೆ, ಆಮೇಲೆ ಹಾವು. ಮನೆ ಕಟ್ಟಲಾಗದಿದ್ದರೆ ಹಾವು ಬೇಡ.

ಇಷ್ಟನ್ನೂ ಆ ಹುಡುಗನಿಗೆ ಹೇಳಿದಾಗ ಮುಖ ಸಣ್ಣದು ಮಾಡಿಕೊಂಡು ಹೋದ. ಒಂದು ತಿಂಗಳು ನನ್ನನ್ನು ಕಂಡರೆ ಆಚೆ ಫುಟ್‌ಪಾತಿಗೆ ದಾಟುತ್ತಿದ್ದ. ಮೊನ್ನೆ ತಾನೇ ಬಂದು ಮನೆಗೆ ಕರೆದ. ಗೋಡೆಯ ಪಕ್ಕ ಪ್ಲೈವುಡ್ಡಿನ ಪೆಟ್ಟಿಗೆ, ಗಾಜು, ಬೀಗ, ಎರಡು ಮೂಲೆಗೆ ಎರಡು ಥರ್ಮಾಮೀಟರು. ಒಳಗೆ ಹಾವಿಲ್ಲ. ಹತ್ತು ದಿನದಿಂದ ಬರೀ ಪೆಟ್ಟಿಗೆಗೆ ಬಿಸಿ ಕೊಟ್ಟು, ಬೆಳಿಗ್ಗೆ ಸಂಜೆ ಎಷ್ಟೆಷ್ಟು ಡಿಗ್ರಿ ಎಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದ.

“ರಾತ್ರಿ ಕರೆಂಟ್ ಹೋದಾಗ 19ಕ್ಕೆ ಇಳೀತು ಅಂಕಲ್. ಯುಪಿಎಸ್ ಹಾಕ್ಸಿ ಇನ್ನೊಂದು ಹದಿನೈದು ದಿನ ನೋಡ್ತೀನಿ” ಎಂದ.