ತಜ್ಞ ವೈದ್ಯರ ಮರುಪ್ರಮಾಣೀಕರಣ: ಕಡತ ಮುಖ್ಯವೋ, ರೋಗಿ ಮುಖ್ಯವೋ?

ಪರೀಕ್ಷೆ ಬರೆದು ತಜ್ಞ ವೈದ್ಯರೆಂಬ ಪ್ರಮಾಣಪತ್ರ ಪಡೆದವರು ಮೂವತ್ತು ವರ್ಷಗಳ ಬಳಿಕವೂ ಅದೇ ಪತ್ರದ ಬಲದ ಮೇಲೆ ರೋಗಿಗಳ ವಿಶ್ವಾಸ ಕೇಳಬಹುದೇ? ಅಷ್ಟರಲ್ಲಿ ಔಷಧಗಳು ಬದಲಾಗಿರುತ್ತವೆ, ಚಿಕಿತ್ಸಾ ಕ್ರಮಗಳೂ ಬದಲಾಗಿರುತ್ತವೆ. ಈ ಪ್ರಶ್ನೆಗೆ ಅಮೆರಿಕದ ವೈದ್ಯ ಸಮುದಾಯ ಕಂಡುಕೊಂಡ ಉತ್ತರವೂ ಆ ಉತ್ತರವೇ ಹುಟ್ಟುಹಾಕಿದ ವಿವಾದವೂ ಭಾರತಕ್ಕೆ ಪಾಠವಾಗಬಲ್ಲವು.

ಅಮೆರಿಕದಲ್ಲಿ ವೈದ್ಯವೃತ್ತಿಗೆ ಪರವಾನಗಿ ನೀಡುವುದು ಆಯಾ ರಾಜ್ಯ. ತಜ್ಞತೆಯ ಪ್ರಮಾಣಪತ್ರ ನೀಡುವುದು ವೃತ್ತಿಬಾಂಧವರೇ ಕಟ್ಟಿಕೊಂಡ ಸ್ವತಂತ್ರ ಮಂಡಳಿಗಳು. ಇಂತಹ 24 ಮಂಡಳಿಗಳು ಅಮೆರಿಕನ್ ಬೋರ್ಡ್ ಆಫ್ ಮೆಡಿಕಲ್ ಸ್ಪೆಷಾಲಿಟೀಸ್ ಎಂಬ ಒಕ್ಕೂಟದ ಅಡಿಯಲ್ಲಿವೆ. ಕಾನೂನಿನ ದೃಷ್ಟಿಯಲ್ಲಿ ಈ ಪತ್ರ ಐಚ್ಛಿಕ. ಆದರೆ ಅನೇಕ ಆಸ್ಪತ್ರೆಗಳೂ ವಿಮಾ ಕಂಪನಿಗಳೂ ಅದನ್ನು ಕೇಳುವುದರಿಂದ ಹಲವರ ಪಾಲಿಗೆ ಅದು ಅನಿವಾರ್ಯವೇ ಆಗಿದೆ.

ಹಿಂದೆ ಈ ಪತ್ರ ಬಹುಪಾಲು ಜೀವನಪರ್ಯಂತದ್ದಾಗಿತ್ತು. 1969ರಲ್ಲಿ ಹುಟ್ಟಿದ ಕುಟುಂಬ ವೈದ್ಯರ ಮಂಡಳಿ ಮೊದಲಿನಿಂದಲೇ ಅವಧಿ ವಿಧಿಸಿತು. ಇಂಟರ್ನಲ್ ಮೆಡಿಸಿನ್ ಮಂಡಳಿ 1990ರಿಂದ ಹತ್ತು ವರ್ಷಗಳ ಮಿತಿ ತಂದಿತು. 1999ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಪ್ರಕಟಿಸಿದ ವರದಿ, ಆಸ್ಪತ್ರೆಗಳಲ್ಲಿನ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಮಂದಿ ಸಾಯುತ್ತಿರಬಹುದೆಂದು ಅಂದಾಜಿಸಿ ದೇಶವನ್ನೇ ಬೆಚ್ಚಿಬೀಳಿಸಿತು. ಮರುವರ್ಷವೇ ಮಂಡಳಿಗಳು ನಿರಂತರ ಪ್ರಮಾಣೀಕರಣಕ್ಕೆ ಒಪ್ಪಿದವು. ಅದರ ಭಾಗಗಳು ನಾಲ್ಕು: ವೃತ್ತಿನಿಷ್ಠೆ, ಕಲಿಕೆ, ಪರೀಕ್ಷೆ ಮತ್ತು ಸ್ವಂತ ಚಿಕಿತ್ಸೆಯ ಗುಣಮಟ್ಟ ಸುಧಾರಣೆ.

ವಿವಾದದ ಬೀಜ ಇರುವುದು ಈ ನಾಲ್ಕನೆಯ ಭಾಗದಲ್ಲಿ. ವೈದ್ಯರು ತಮ್ಮದೇ ರೋಗಿಗಳ ಅಂಕಿಅಂಶ ಸಂಗ್ರಹಿಸಬೇಕು, ಎಲ್ಲಿ ಎಡವುತ್ತಿದ್ದೇವೆಂದು ಗುರುತಿಸಬೇಕು, ಒಂದು ಬದಲಾವಣೆ ಮಾಡಿ ಮತ್ತೆ ಅಳೆಯಬೇಕು. ತಮ್ಮ ಬಳಿ ಬರುವ ಮಧುಮೇಹಿಗಳಲ್ಲಿ ಎಷ್ಟು ಮಂದಿಗೆ ಕಣ್ಣಿನ ತಪಾಸಣೆ ಆಗಿದೆ ಎಂಬುದನ್ನು ಎಣಿಸದ ವೈದ್ಯ, ಎಲ್ಲರಿಗೂ ಆಗಿದೆ ಎಂದೇ ನಂಬಿರಬಹುದು. ಲೆಕ್ಕ ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುತ್ತದೆ.

ಇಂತಹ ಕೆಲಸದ ಶಕ್ತಿ ಏನೆಂಬುದಕ್ಕೆ ಮಿಷಿಗನ್ ರಾಜ್ಯ ಸಾಕ್ಷಿ. ತೀವ್ರ ನಿಗಾ ಘಟಕಗಳಲ್ಲಿ ರೋಗಿಯ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕುವಾಗ ತಗಲುವ ಸೋಂಕನ್ನು ತಡೆಯಲು ಡಾ. ಪೀಟರ್ ಪ್ರೊನೊವೊಸ್ಟ್ ಮತ್ತು ಸಂಗಡಿಗರು ಐದು ಸರಳ ಕ್ರಮಗಳ ಪಟ್ಟಿ ಜಾರಿಗೆ ತಂದರು. ಕೈ ತೊಳೆಯುವುದು ಅದರಲ್ಲಿ ಮೊದಲನೆಯದು. ಕ್ರಮ ತಪ್ಪಿದರೆ ವೈದ್ಯರನ್ನು ತಡೆಯುವ ಅಧಿಕಾರ ನರ್ಸ್‌ಗಳಿಗೆ ದೊರೆಯಿತು. ನೂರಕ್ಕೂ ಹೆಚ್ಚು ಘಟಕಗಳು ಪಾಲ್ಗೊಂಡವು. ಹದಿನೆಂಟು ತಿಂಗಳಲ್ಲಿ ಸೋಂಕಿನ ಪ್ರಮಾಣ ಶೇ. 66ರವರೆಗೆ ಇಳಿಯಿತೆಂದು 2006ರಲ್ಲಿ ವರದಿಯಾಯಿತು. ಇಲ್ಲಿ ಹೊಸ ಔಷಧವೇನೂ ಇರಲಿಲ್ಲ. ಗೊತ್ತಿದ್ದುದನ್ನೇ ತಪ್ಪದೆ ಮಾಡುವ ವ್ಯವಸ್ಥೆ ಇತ್ತು.

ಹಾಗಿದ್ದೂ ಮಂಡಳಿಗಳ ಕ್ರಮಕ್ಕೆ ವೈದ್ಯರು ತಿರುಗಿಬಿದ್ದದ್ದೇಕೆ? ಮಿಷಿಗನ್‌ನ ಗೆಲುವು ತಂಡದ್ದು; ಪ್ರಮಾಣೀಕರಣ ಕೇಳಿದ್ದು ಒಬ್ಬೊಬ್ಬರ ಕಡತ. ಆಸ್ಪತ್ರೆಯಲ್ಲಿ ಆಗಲೇ ನಡೆಯುತ್ತಿದ್ದ ಸುಧಾರಣೆ ಒಂದು ಕಡೆ, ಮಂಡಳಿಗಾಗಿ ತುಂಬಬೇಕಾದ ನಮೂನೆ ಇನ್ನೊಂದು ಕಡೆ. ಶುಲ್ಕದ ಹೊರೆ ಬೇರೆ. ರೋಗಿಗಳಿಗೆ ಕೊಡಬೇಕಾದ ಸಮಯ ಕಾಗದಕ್ಕೆ ಹೋಗುತ್ತಿದೆ ಎಂಬ ಕೂಗು 2014ರಲ್ಲಿ ತಾರಕಕ್ಕೇರಿತು. 2015ರ ಫೆಬ್ರುವರಿಯಲ್ಲಿ ಇಂಟರ್ನಲ್ ಮೆಡಿಸಿನ್ ಮಂಡಳಿ ತಪ್ಪೊಪ್ಪಿಕೊಂಡು ಕ್ಷಮೆ ಯಾಚಿಸಿತು. ಚಿಕಿತ್ಸಾ ಮೌಲ್ಯಮಾಪನದ ಕಡ್ಡಾಯವನ್ನು ತಡೆಹಿಡಿಯಿತು. ಅದೇ ವರ್ಷ ಪರ್ಯಾಯ ಮಂಡಳಿಯೊಂದೂ ತಲೆಯೆತ್ತಿತು.

ಒಕ್ಕೂಟ ನೇಮಿಸಿದ ಆಯೋಗ 2019ರಲ್ಲಿ ನೀಡಿದ ಸಲಹೆ ವಿವೇಕದ್ದು: ವೈದ್ಯರು ಈಗಾಗಲೇ ತೊಡಗಿಕೊಂಡಿರುವ ಗುಣಮಟ್ಟದ ಕೆಲಸಗಳನ್ನೇ ಮಂಡಳಿಗಳು ಗುರುತಿಸಿ ಮಾನ್ಯ ಮಾಡಲಿ. ಆಸ್ಪತ್ರೆಯ ತಂಡದಲ್ಲಿ ದುಡಿದ ವೈದ್ಯನಿಗೆ ಆ ದುಡಿಮೆಯೇ ಅಂಕವಾಗುವ ಏರ್ಪಾಡು ಒಕ್ಕೂಟದಲ್ಲಿ ರೂಪುಗೊಂಡಿದೆ. ಮಕ್ಕಳ ವೈದ್ಯರ ಮಂಡಳಿಯಂಥವು ಸುಧಾರಣಾ ಕಾರ್ಯವನ್ನು ಕೈಬಿಟ್ಟಿಲ್ಲ. ಕೈಬಿಡಬೇಕಾದದ್ದು ಇಮ್ಮಡಿ ಕಾಗದವೇ ಹೊರತು ಅಳತೆಯನ್ನಲ್ಲ.

ಭಾರತದ ಸ್ಥಿತಿ ಬೇರೆ. 2002ರ ವೈದ್ಯಕೀಯ ನೀತಿಸಂಹಿತೆಯ ಪ್ರಕಾರ ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಮುಂದುವರಿದ ಶಿಕ್ಷಣದಲ್ಲಿ ಪಾಲ್ಗೊಳ್ಳಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಹೊಸ ನಿಯಮಗಳು ಅದೇ ತಿಂಗಳು ಅಮಾನತಿನಲ್ಲಿ ಇಡಲ್ಪಟ್ಟವು. ಗಂಟೆಗಳ ಲೆಕ್ಕ ಹಾಜರಾತಿಯ ಲೆಕ್ಕ. ಸಭಾಂಗಣದಲ್ಲಿ ಕುಳಿತು ಬಂದ ಮೇಲೆ ವಾರ್ಡಿನಲ್ಲಿ ಏನು ಬದಲಾಯಿತೆಂದು ಅದು ಕೇಳುವುದಿಲ್ಲ.

ಹಾಗೆಂದು ಇಲ್ಲಿ ಸುಧಾರಣೆಯ ಅನುಭವವೇ ಇಲ್ಲವೆಂದಲ್ಲ. ಹೆರಿಗೆ ಕೊಠಡಿಗಳ ಗುಣಮಟ್ಟ ಹೆಚ್ಚಿಸಲು ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮದಡಿ ಕರ್ನಾಟಕವೂ ಸೇರಿದಂತೆ ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂತಹ ಕೆಲಸ ನಡೆದಿದೆ. ಅದರಲ್ಲಿ ಬೆವರು ಹರಿಸಿದ ವೈದ್ಯರಿಗೆ ನೋಂದಣಿ ನವೀಕರಣದ ಹೊತ್ತಿನಲ್ಲಿ ಮನ್ನಣೆ ಸಿಗುವುದಾದರೆ ಅದು ಯಾರಿಗೂ ಹೊಸ ಹೊರೆಯಾಗದು. ವೈದ್ಯಕೀಯ ಮಂಡಳಿಗಳು ಅಮೆರಿಕದ ತಪ್ಪಿನಿಂದಲೂ ಕಲಿಯಬೇಕು, ತಿದ್ದುಪಡಿಯಿಂದಲೂ ಕಲಿಯಬೇಕು. ನವೀಕೃತ ಪ್ರಮಾಣಪತ್ರ ಗೋಡೆಯ ಮೇಲಿರುತ್ತದೆ. ಅದರ ಬೆಲೆ ತಿಳಿಯುವುದು ಹಾಸಿಗೆಯಲ್ಲಿ ಮಲಗಿರುವ ರೋಗಿಗೆ.